ಹನ್ನೊಂದು ಕಾಡು ಕುರಿ, ಒಂದು ಡಬ್ಬಿ ಬಂಗುಡೆ

ಹಿಮಾಲಯದ ಕಾಡು ಕುರಿಗೂ ನಮ್ಮ ಉಡುಪಿಗೂ ಎಂತ ಸಂಬಂಧ ಅಂತ ಕೇಳಬೇಡಿ ಮಾರಾಯ್ರೆ. ಎಂಬತ್ತರ ದಶಕದಲ್ಲಿ ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಆ ಕುರಿಗಳ ದೆಸೆಯಿಂದ ವಾರಕ್ಕೊಂದು ಫಜೀತಿ ಆಗದಿದ್ದರೆ ನಮಗೆ ಉಂಡದ್ದು ಕರಗುತ್ತಿರಲಿಲ್ಲ.

೧. ಬರಿ

ಅಳಿವಿನಂಚಿನ ಒಂದು ಹಿಂಡು. ಉಳಿದ ಕುರಿಗಳೆಲ್ಲ ಹತ್ತಿರದ ಸಂಬಂಧಿಕರೋ ಅಲ್ಲವೋ ಎಂದು ರಕ್ತ ನೋಡಿ ಹೇಳುವುದು ನಮ್ಮ ಕೆಲಸ. ಎಲ್ಲವೂ ಒಂದೇ ತರ ಇದ್ದರೆ ಒಂದು ರೋಗಕ್ಕೆ ಇಡೀ ಹಿಂಡು ಹೋಯಿತು. ಇದನ್ನು ನಮ್ಮ ಲ್ಯಾಬಿನ ಪ್ರೊಫೆಸರು ಬೋರ್ಡಿನಲ್ಲಿ ಒಂದು ಗಂಟೆ ವಿವರಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. ನೆಲ ಒರೆಸುತ್ತಿದ್ದ ಅಕ್ಕ ಸೊಂಟ ನೆಟ್ಟಗೆ ಮಾಡಿದರು. ತುಳುವರಲ್ಲಿ ಒಂದೇ ಬರಿಯವರು, ಅಂದರೆ ಒಂದೇ ಗೋತ್ರದವರು, ಅಣ್ಣ ತಂಗಿ ಇದ್ದ ಹಾಗೆ, ಮದುವೆ ಇಲ್ಲ.

"ಪಾಪ, ಅವಕ್ಕೆ ಬೇರೆ ಬರಿಯ ಗಂಡು ಸಿಗುವುದಿಲ್ಲ, ಅಷ್ಟೇ ಅಲ್ವಾ?"

ಪ್ರೊಫೆಸರು ಬೋರ್ಡು ಒರೆಸಿದರು.

೨. ಊರ ಕುರಿ

ಹೋಲಿಸಿ ನೋಡಲು ಸಾಕು ಕುರಿಯ ರಕ್ತ ಬೇಕಿತ್ತು. ಕಾಪುವಿನಲ್ಲಿ ಒಬ್ಬರು ತಮ್ಮಲ್ಲಿ ಉಂಟು ಎಂದರು. ಹೋಗಿ ನೋಡಿದರೆ ಗಡ್ಡ ಬಿಟ್ಟ ಆಡು. ಉಣ್ಣೆ ಎಲ್ಲಿ ಎಂದು ಪ್ರೊಫೆಸರು ಕೇಳಿದರು.

"ನಮ್ಮ ಮಳೆಯಲ್ಲಿ ನಾಲ್ಕು ತಿಂಗಳು ನೆನೆದರೆ ನಿಮ್ಮ ತಲೆಯಲ್ಲೂ ಕೂದಲು ಉಳಿಯುವುದಿಲ್ಲ ಸಾರ್" ಎಂದರು ಅವರು.

ಪ್ರೊಫೆಸರಿಗೆ ಆಗಲೇ ಅರ್ಧ ಉದುರಿತ್ತು.

೩. ಡಬ್ಬಿ

ಕೊನೆಗೂ ಹನ್ನೊಂದು ಕಾಡು ಕುರಿಗಳ ರಕ್ತ ಒಂದು ಐಸ್ ಡಬ್ಬಿಯಲ್ಲಿ ಉಡುಪಿ ಬಸ್‌ಸ್ಟ್ಯಾಂಡಿಗೆ ಬಂತು. ಆ ಕುರಿಗಳನ್ನು ಇನ್ನೊಮ್ಮೆ ಹಿಡಿಯಲು ಅನುಮತಿ ಇರಲಿಲ್ಲ. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊಸ ಐಸ್ ತುಂಬಿಸಲು ಡಬ್ಬಿ ಹಿಡಿದು ಮಲ್ಪೆ ಬಂದರಿಗೆ ಓಡಿದೆ. ಅಲ್ಲಿ ತಾಜಾ ಬಂಗುಡೆ ಮೀನು ಕಂಡರೆ ಬಿಡಲಿಕ್ಕಾಗುತ್ತದಾ? ಅಂಥದ್ದೇ ಇನ್ನೊಂದು ಡಬ್ಬಿಗೆ ಹಾಕಿಸಿ, ಕಾರ್ಕಳದ ನನ್ನ ತಂಗಿಗೆ ಎಂದಿನಂತೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದೆ.

ಲ್ಯಾಬಿನಲ್ಲಿ ಪ್ರೊಫೆಸರು ಮುಚ್ಚಳ ತೆಗೆದರು. ಬಂಗುಡೆಗಳು ಅವರನ್ನೇ ನೋಡುತ್ತಿದ್ದವು. ಅವರು ಶುದ್ಧ ಸಸ್ಯಾಹಾರಿ. ಮುಚ್ಚಳ ಮತ್ತೆ ಹಾಕಿ, ಜೀಪಿನ ಕೀಲಿ ಹುಡುಕಿದರು.

ಜೀಪಿನಲ್ಲಿ ಕಾರ್ಕಳಕ್ಕೆ ಓಡಿದೆವು. ತಂಗಿಯ ಮನೆಯಲ್ಲಿ ರಕ್ತದ ಹನ್ನೊಂದು ಟ್ಯೂಬೂ ಹೊಸ ಐಸಿನಲ್ಲಿ ತಣ್ಣಗೆ ಮಲಗಿದ್ದವು.

"ಮೀನಿನ ಡಬ್ಬಿ ಬಂದರೆ ಮೊದಲು ನೀರು ಚೆಲ್ಲಿ ಐಸ್ ಹಾಕುವುದು" ಎಂದಳು ತಂಗಿ. "ಒಳಗೆ ಎಂತ ಉಂಟು ಅಂತ ಆಮೇಲೆ ನೋಡುವುದು. ಅದಿರಲಿ, ನನ್ನ ಬಂಗುಡೆ ಎಲ್ಲಿ?"

ಬಂಗುಡೆ ಆಗಲೇ ನೆಲ ಒರೆಸುವ ಅಕ್ಕನ ಮನೆ ಸೇರಿತ್ತು.

ವಾರದಲ್ಲಿ ಪರೀಕ್ಷೆ ಮುಗಿಯಿತು. ಒಂದು ಕುರಿಯಂತೆ ಇನ್ನೊಂದಿಲ್ಲ. ಹಿಂಡಿಗೆ ಉಳಿಗಾಲ ಉಂಟು! ಪ್ರೊಫೆಸರು ಕುಣಿಯುವುದೊಂದು ಬಾಕಿ. ತಂಗಿಯ ಬಂಗುಡೆ ಋಣ ತೀರಿಸುತ್ತೇನೆಂದು ಅವರೇ ಮೂಗು ಮುಚ್ಚಿಕೊಂಡು ನನ್ನೊಡನೆ ಮಲ್ಪೆಗೆ ಬಂದರು. ಬಂಗುಡೆ ರಾಶಿಯ ಮುಂದೆ ಬಗ್ಗಿ, ಬಹಳ ಗಂಭೀರವಾಗಿ ವಿಚಾರಿಸಿದರು.

"ಇವೆಲ್ಲ ಒಂದೇ ಬರಿಯವಲ್ಲ ತಾನೇ?"

ಮೀನು ಮಾರುವ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮಗೆ ಸಾರು ಮಾಡಲಿಕ್ಕಾ, ಮದುವೆ ಮಾಡಿಸಲಿಕ್ಕಾ?"