ಹದಿನೇಳು ಹರಳಿನ ವಾಚು

ವಿಜ್ಞಾನ ಕಲಿಸುವ ಮಾಸ್ತರನಿಗೆ ಒಂದು ದೊಡ್ಡ ಅನುಕೂಲವಿದೆ. ಅವನ ಅಜ್ಞಾನವನ್ನು ಯಾರೂ ಪರೀಕ್ಷಿಸುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವನೂ ಅವನೇ, ಉತ್ತರ ತಿದ್ದುವವನೂ ಅವನೇ. ಎಪ್ಪತ್ತರ ದಶಕದಲ್ಲಿ ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ನಾನು ಈ ಅನುಕೂಲವನ್ನು ಸುಖವಾಗಿ ಅನುಭವಿಸಿದೆ. ವರ್ಷಕ್ಕೊಮ್ಮೆ ‘ಜನರ ತಪ್ಪು ತಿಳಿವಳಿಕೆಗಳು’ ಎಂಬ ಭಾಷಣವನ್ನೂ ಮಾಡುತ್ತಿದ್ದೆ. ಅದಕ್ಕೆ ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಯಳವತ್ತಿಯಲ್ಲಿದ್ದ ನನ್ನ ದೊಡ್ಡಪ್ಪ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಅದನ್ನು ಬಂದ್ ಮಾಡಿ, “ಪಾಪ, ಓದಿ ಓದಿ ದಣದಾನ, ಒಂದೀಟು ನೀರು ಕುಡೀಲಿ” ಎನ್ನುತ್ತಿದ್ದ. ನಮ್ಮವ್ವ ಮುಗಿದುಹೋದ ಟಾರ್ಚಿನ ಸೆಲ್ಲುಗಳನ್ನು ಹಪ್ಪಳದ ಜೊತೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸುತ್ತಿದ್ದಳು. ಹಾಗೆ ಒಣಗಿಸಿದ ಸೆಲ್ಲು ಒಂದು ಗಳಿಗೆ ಹತ್ತಿಯೂ ಬಿಡುತ್ತಿತ್ತು. ಅದು ಭಾಷಣಕ್ಕೆ ತೊಡಕು ಎಂದು ಆ ಭಾಗವನ್ನು ನಾನು ಹೇಳುತ್ತಿರಲಿಲ್ಲ. ವನಸ್ಪತಿ ತುಪ್ಪ ತಿಂದರೆ ಕಣ್ಣು ಹೋಗುತ್ತವೆ, ಕುಕ್ಕರಿನಲ್ಲಿ ಬೇಯಿಸಿದ ಬೇಳೆಯ ಸತ್ವವೆಲ್ಲ ಸೀಟಿಯ ಜೊತೆ ಹಾರಿಹೋಗುತ್ತದೆ, ಇಂಥವನ್ನೆಲ್ಲ ಒಂದೊಂದಾಗಿ ಹೇಳಿ ನಾನು ನಗುತ್ತಿದ್ದೆ, ಹುಡುಗರೂ ನಗುತ್ತಿದ್ದರು. ಹೀಗೆ ನಗುವಾಗ ನನ್ನ ಎಡಗೈಯಲ್ಲಿ ಒಂದು ವಾಚು ಇರುತ್ತಿತ್ತು. ಈಗ ಹೇಳಹೊರಟಿರುವುದು ಅದರ ಕಥೆ.

ವಾಚು ನನ್ನ ಮಾವ ಮದುವೆಯಲ್ಲಿ ಕೊಟ್ಟದ್ದು. ಮುಂಡರಗಿಯಲ್ಲಿ ಅವರದು ಕಿರಾಣಿ ಅಂಗಡಿ. ಅಳಿಯನ ವಾಚಿಗಾಗಿ ಗದಗಕ್ಕೆ ಹೋಗಿ, ಮೂರು ಅಂಗಡಿ ತಿರುಗಿ ತಂದಿದ್ದರು. ಅಕ್ಷತೆ ಬಿದ್ದ ಮೇಲೆ ಅದನ್ನು ಮಂದಿಯ ಎದುರಿಗೆ ಎತ್ತಿ ಹಿಡಿದು, “ಹದಿನೇಳು ಹರಳಿನ ವಾಚ್ ಐತ್ರಿ ಇದು. ನಾ ಹೇಳೂದಲ್ಲ, ಕಂಪನಿಯವ್ರ ಮುಖದ ಮ್ಯಾಲ ಬರದು ಕೊಟ್ಟಾರ” ಎಂದರು. ಬರೆದದ್ದಂತೂ ನಿಜ. ಮುಳ್ಳುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನೇಳು ಜ್ಯುವೆಲ್ಸ್ ಎಂದಿತ್ತು. ಒಂದೇ ಹರಳಿನ ಉಂಗುರ ತೊಟ್ಟವನೂ ಕೈ ಮುಂದೆ ಚಾಚಿಕೊಂಡೇ ಮಾತಾಡುತ್ತಿದ್ದ ಕಾಲ ಅದು. ನನ್ನ ಕೈಯಲ್ಲಿ ಹದಿನೇಳು! ಮುದುಕಿಯರು ಒಬ್ಬೊಬ್ಬರಾಗಿ ಬಂದು ವಾಚಿಗೆ ಕಿವಿ ಹಚ್ಚಿ, ಒಳಗೆ ಹರಳಿಗೆ ಹರಳು ತಾಗುವ ಸದ್ದು ಕೇಳಿ ತಲೆದೂಗಿದರು. ನಾನು ಬಿ.ಎಸ್ಸಿ. ಪಾಸಾದವನು. ‘ಹಾಗಲ್ಲಮ್ಮ, ಅದು ಬೇರೆ’ ಎನ್ನಬಹುದಾಗಿತ್ತು. ಆದರೆ ಆ ಬೇರೆ ಏನು ಎಂಬುದು ನನಗೂ ಗೊತ್ತಿರಲಿಲ್ಲ. ಮರ್ಯಾದೆ ಬದಿಗಿಟ್ಟು ಹೇಳುವುದಾದರೆ, ಗೊತ್ತು ಮಾಡಿಕೊಳ್ಳುವುದು ನನಗೆ ಬೇಕಾಗಿಯೂ ಇರಲಿಲ್ಲ.

ಹರಳಿನ ಜೊತೆಗೆ ಹರಳಿನ ಚಿಂತೆಯೂ ಮನೆಗೆ ಬಂತು. ಪರವೂರಿಗೆ ಹೊರಟಾಗಲೆಲ್ಲ ನನ್ನ ಹೆಂಡತಿ ಶಾಂತಾ ತನ್ನ ಬಂಗಾರವನ್ನು ಧೈರ್ಯವಾಗಿ ಮೈಮೇಲೆ ಹಾಕಿಕೊಂಡು, ನನ್ನ ವಾಚನ್ನು ಮಾತ್ರ ಬಿಚ್ಚಿಸಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿಯುತ್ತಿದ್ದಳು. “ಬಸ್ಸಿನ್ಯಾಗ ಕಿಟಕ್ಯಾಗಿಂದ ಕೈ ಹೊರಗ ಹಾಕಿ ಕುಂಡ್ರತೀರಿ. ಯಾರರ ಕಿತ್ಕೊಂಡು ಹ್ವಾದ್ರ ನಮ್ಮಪ್ಪಗ ಏನಂತ ಹೇಳ್ಲಿ? ಮನಿಗೆ ಕಳ್ಳ ಬಂದ್ರೂ ಹಿಟ್ಟಿನ್ಯಾಗ ಕೈ ಹಾಕಂಗಿಲ್ಲ.” ಹದಿನೇಳು ಹರಳಿನ ಯಜಮಾನನಾದ ನಾನು ಶಿರಹಟ್ಟಿಯ ಬಸ್ಸಿನಲ್ಲಿ ಕಂಡಕ್ಟರನಿಗೆ ಟೈಮು ಕೇಳುತ್ತಾ ಪ್ರಯಾಣ ಮಾಡುತ್ತಿದ್ದೆ. ಮೂರು ವರ್ಷ ಹೀಗೆ ಹಿಟ್ಟು ತಿಂದ ವಾಚು ಮೊದಲು ದಿನಕ್ಕೆ ಹತ್ತು ನಿಮಿಷ ಹಿಂದೆ ಬಿತ್ತು, ಆಮೇಲೆ ಅರ್ಧ ತಾಸು. ಒಂದು ದಿನ ಮೂರನೆಯ ಪೀರಿಯಡ್ಡಿನಲ್ಲಿ ನಿಂತೇಬಿಟ್ಟಿತು.

ಊರಲ್ಲಿ ವಾಚು ರಿಪೇರಿ ಎಂದರೆ ಮೌಲಾಸಾಬರು. ಬಜಾರಿನಲ್ಲಿ ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಬಿಳಿ ಗಡ್ಡದ ಅವರು, ಮುಂದೆ ಗಿರಾಕಿಗಳಿಗೊಂದು ಬೆಂಚು. ಆ ಬೆಂಚು ಸುಮ್ಮನೆ ಇದ್ದದ್ದಲ್ಲ. ರಿಪೇರಿಯವರು ವಾಚಿನ ಹರಳು ಕಿತ್ತು ಗಾಜಿನ ಚೂರು ಕೂಡಿಸಿ ಕೊಡುತ್ತಾರೆಂದು ಇಡೀ ತಾಲೂಕು ನಂಬಿತ್ತಾದ್ದರಿಂದ, ವಾಚು ಕೊಟ್ಟವರು ಕಣ್ಣು ಮಿಟುಕಿಸದೆ ಅಲ್ಲೇ ಕುಳಿತು ಕಾಯುತ್ತಿದ್ದರು. ನಾನೂ ಕುಳಿತೆ. ಮೌಲಾಸಾಬರು ಹಿಂದಿನ ಮುಚ್ಚಳ ತೆಗೆದು, ವಾಚನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿದರು. ಬಿಳಿಯ ಪುಡಿ ಉದುರಿತು. ಅದನ್ನು ಬೆರಳಿನಿಂದ ತಿಕ್ಕಿ ನೋಡಿ, “ಮಾಸ್ತರ, ಇದನ್ನ ರಿಪೇರಿ ಮಾಡ್ಲೋ, ರೊಟ್ಟಿ ಬಡೀಲೋ?” ಎಂದರು. ಪೂರಾ ಬಿಚ್ಚಿ ತೊಳೆಯಬೇಕು, ಎಂಟು ದಿನ ಬೇಕು ಎಂದರು. ಎಂಟು ದಿನ ಬೆಂಚಿನ ಮೇಲೆ ಕೂರುವಂತಿಲ್ಲವಲ್ಲ. ವಾಚು ಬಿಟ್ಟು ಬಂದೆ. ಆ ಎಂಟೂ ದಿನ ಶಾಂತಾ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ.

ಒಂಬತ್ತನೆಯ ದಿನ ಹೋದಾಗ ವಾಚು ಟಿಕಟಿಕ ಎನ್ನುತ್ತಿತ್ತು. ಸಹಜವಾಗಿ ಕೇಳಿದವನಂತೆ, “ಒಳಗ ಒಮ್ಮಿ ನೋಡಬಹುದೇನ್ರಿ?” ಎಂದೆ. ಅವರು ಸಂತೋಷದಿಂದಲೇ ಮುಚ್ಚಳ ತೆಗೆದು, ತಮ್ಮ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ನನಗೆ ಕೊಟ್ಟು, “ಉಸಿರು ಬಿಡಬ್ಯಾಡ್ರಿ ಮತ್ತ” ಎಂದರು. ಬಿಡು ಎಂದಿದ್ದರೂ ಆಗುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ವಾಚಿನ ಮುಖವನ್ನಷ್ಟೇ ಕಂಡವನು. ಅದರ ಬೆನ್ನ ಹಿಂದೆ ಇಷ್ಟು ದೊಡ್ಡ ಊರು ದುಡಿಯುತ್ತಿದೆ ಎಂದು ಯಾರು ಹೇಳಬೇಕು? ಬಂಗಾರದ ಬಣ್ಣದ ಒಂದು ಗಾಲಿ ಆ ಕಡೆ ಈ ಕಡೆ ತೂಗುತ್ತಿತ್ತು. ಅದರ ನಡುವೆ ಕೂದಲಿಗಿಂತ ತೆಳುವಾದ ಒಂದು ಸುರುಳಿ ಮಲಗಿದ ಕೂಸಿನ ಹೊಟ್ಟೆಯ ಹಾಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹಲ್ಲಿನ ಇನ್ನೊಂದು ಗಾಲಿ ಅದರ ಅಪ್ಪಣೆಗೆ ಕಾದು ಒಂದೊಂದೇ ಹಲ್ಲು ಮುಂದೆ ಹೋಗುತ್ತಿತ್ತು. ನಡುನಡುವೆ ಕೆಂಪು ಹರಳುಗಳು ನಿಜವಾಗಿಯೂ ಇದ್ದವು, ಮಿಣ್ಣಗೆ ಹೊಳೆಯುತ್ತಿದ್ದವು! ನನಗೆ ಮೈ ಜುಮ್ಮೆಂದಿತು. ಇಷ್ಟನ್ನು ಮೊದಲು ಯೋಚಿಸಿದವನು ಯಾರು, ಅವನಿಗೆ ಎಂಥ ತಾಳ್ಮೆ, ಇದನ್ನೆಲ್ಲ ಬಿಚ್ಚಿ ತೊಳೆದು ಮತ್ತೆ ಹಾಗೇ ಕೂಡಿಸಿದ ಈ ಮುದುಕರದು ಎಂಥ ಕೈ! ಬೆರಗಾದವನು ಬೆರಗಾಗಿಯೇ ಉಳಿದಿದ್ದರೆ ಒಳ್ಳೆಯದಿತ್ತು. ನಾನು ಎಣಿಸಿದೆ. ಏಳು.

ಅಲ್ಲಿ ಏನೂ ಅನ್ನಲಿಲ್ಲ. ಮನೆಯಲ್ಲಿ ಶಾಂತಾಳಿಗೆ ಹೇಳಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, “ಹದಿನೇಳು ಅಂತ ಬರೆದೈತಿ, ನನಗ ಏಳ ಕಂಡ್ವು” ಎಂದೆ. ಕಳ್ಳತನ ಎಂಬ ಶಬ್ದವನ್ನು ನಾನು ಬಾಯಿಂದ ತೆಗೆಯಲಿಲ್ಲ. ನಮ್ಮಂಥ ಓದಿದವರು ಕಲ್ಲು ಒಗೆಯುವುದೇ ಹೀಗೆ, ಕೈಗೆ ಮಣ್ಣು ಹತ್ತುವುದಿಲ್ಲ. ಆ ಮಾತು ಶಿರಹಟ್ಟಿಗೆ ಹೋಗಿ ಲಕ್ಷ್ಮೇಶ್ವರಕ್ಕೆ ಮರಳಿ ಬರುವಷ್ಟರಲ್ಲಿ ನನ್ನ ವಾಚಿನಲ್ಲಿ ಎರಡೇ ಹರಳು ಉಳಿದಿದ್ದವು. ಮುಂದಿನ ವಾರ ಬಜಾರಿಗೆ ಹೋದಾಗ ಮೌಲಾಸಾಬರ ಬೆಂಚು ಖಾಲಿ ಇತ್ತು. ಇಬ್ಬರು ಬಂದು, ರಿಪೇರಿಯಾಗದ ತಮ್ಮ ವಾಚುಗಳನ್ನು ಹಾಗೇ ವಾಪಸು ಇಸಿದುಕೊಂಡು ಹೋದದ್ದನ್ನು ಕಣ್ಣಾರೆ ನೋಡಿದೆ. ಮೌಲಾಸಾಬರು ಅವನ್ನು ಒರೆಸಿ ಕೊಟ್ಟರು. ನಾನು ಬಾಳೆಹಣ್ಣು ಕೊಳ್ಳುವವನಂತೆ ಆ ಕಡೆ ಮುಖ ಮಾಡಿ ನಿಂತೆ.

ಎರಡು ದಿನ ಬಿಟ್ಟು ಮಧ್ಯಾಹ್ನದ ಬಿಡುವಿನಲ್ಲಿ ಮೌಲಾಸಾಬರು ಸೀದಾ ನಮ್ಮ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಹೆಡ್ಮಾಸ್ತರರಿಗೆ ಸಲಾಂ ಮಾಡಿ, “ನಿಮ್ಮ ಅಪ್ಪಣಿ ಇದ್ರ ಕಿಟಕಿ ಕಡೆ ಟೇಬಲ್ ಒಂದ ತಾಸು ಬೇಕಾಗಿತ್ರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ, ವಾಚ್ ಬಿಚ್ಚಿ ಕೊಡ್ರಿ. ನಿಮ್ಮ ಎಣಿಕಿ ಅರ್ಧಕ್ಕ ನಿಂತೈತಿ, ನಾಕ ಮಂದಿ ಮುಂದ ಪೂರಾ ಮಾಡೂಣು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಿಳಿ ಬಟ್ಟೆ ಹಾಸಿ ವಾಚು ಬಿಚ್ಚತೊಡಗಿದರು. ಗಸಗಸೆಯಂಥ ತಿರುಪುಗಳು, ಒಂದರ ಪಕ್ಕ ಒಂದು. ಮೇಲಿನ ತಗಡು ಎತ್ತಿ, ಮೊದಲ ಗಾಲಿಯನ್ನು ಚಿಮುಟದಲ್ಲಿ ಹಿಡಿದು, “ಗಾಲಿಗೆ ಎಷ್ಟು ತುದಿ ಇರ್ತಾವ್ರಿ ಮಾಸ್ತರ?” ಎಂದು ಕೇಳಿದರು.

“ಎರಡು” ಎಂದೆ. ಎಂಟನೆಯ ಇಯತ್ತೆಯ ದಡ್ಡ ಹುಡುಗ ಕೂಡ ಅಷ್ಟು ಸಣ್ಣ ದನಿಯಲ್ಲಿ ಉತ್ತರ ಕೊಡುವುದಿಲ್ಲ.

“ಮ್ಯಾಲಿನ ತುದಿಗೆ ಒಂದು ಹರಳು, ಕೆಳಗಿನ ತುದಿಗೆ ಒಂದು. ಕಬ್ಬಿಣದ ಮ್ಯಾಲ ಕಬ್ಬಿಣ ತಿರುಗಿದ್ರ ಸವದು ಹೋಕ್ಕೈತಿ, ಅದಕ್ಕ ಹರಳಿನ ಕುಣಿ. ನೀವು ಮಾಳಿಗಿ ಮ್ಯಾಲ ನಿಂತವ್ರನ್ನ ಎಣಿಸಿ ಬಂದೀರಿ. ಮನಿಯೊಳಗ ಕುಂತವ್ರನ್ನ ಯಾರು ಎಣಸ್ಬೇಕ್ರಿ?”

ಗಾಲಿ ಮತ್ತು ಅಚ್ಚಿನ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತಿದ್ದೆ, ಕಪ್ಪುಹಲಗೆಯ ಮೇಲೆ ಚಕ್ಕಡಿಯ ಚಿತ್ರ ಬರೆದು. ಈಗ ಭೂತಗನ್ನಡಿ ಹಿಡಿದು, ತಗಡು ತಗಡಿನಲ್ಲೂ ಹರಳು ಎಣಿಸಿದೆ. ಹದಿನಾರು ಆದವು. ಇನ್ನೊಮ್ಮೆ ಎಣಿಸಿದೆ, ಹದಿನಾರು. ಹೆಡ್ಮಾಸ್ತರರು ಎಣಿಸಿದರು, ಹದಿನಾರೇ. ಹತ್ತು ದಿನದ ಹಿಂದೆ ಹತ್ತು ಹರಳು ಇಲ್ಲವೆಂದು ಲೆಕ್ಕ ಹಾಕಿದ್ದವನು ಈಗ ಆ ಒಂದೇ ಒಂದು ಸಿಗಲಪ್ಪ ಎಂದು ಮನೆದೇವರಿಗೆ ಮೊರೆಯಿಡುತ್ತಿದ್ದೆ. ಮೌಲಾಸಾಬರು ಆ ತೂಗುವ ಗಾಲಿಯನ್ನು ಮೆಲ್ಲಗೆ ಬೋರಲು ಮಾಡಿ ನನ್ನ ಕಣ್ಣ ಕೆಳಗೆ ಹಿಡಿದರು. ಅದರ ಅಡಿಯಲ್ಲಿ, ಸಾಸಿವೆಯ ಸಿಪ್ಪೆಯ ಚೂರಿನಷ್ಟು, ಒಂದು ಕೆಂಪು ಮೊಳೆ.

“ಹದಿನೇಳನೇದ್ದು. ಟಿಕ್ ಅಂತೈತಲ್ರಿ, ಆ ಪೆಟ್ಟು ತಿನ್ನೂದು ಇದು.”

ಸೆಕೆಂಡಿಗೆ ಐದು ಪೆಟ್ಟು ಎಂದರು. ಮಾಸ್ತರನ ಚಟ, ಮನಸ್ಸಿನಲ್ಲೇ ಗುಣಿಸಿದೆ. ತಾಸಿಗೆ ಹದಿನೆಂಟು ಸಾವಿರ. ಹಿಟ್ಟಿನ ಡಬ್ಬಿಯಲ್ಲಿ ಹುಗಿದಾಗಲೂ ಈ ಕಣ್ಣಿಗೆ ಕಾಣದ ಕಲ್ಲು ಕೀಲಿ ಮುಗಿಯುವವರೆಗೆ ಪೆಟ್ಟು ತಿನ್ನುತ್ತಾ ನನ್ನ ಕಾಲವನ್ನು ನಡೆಸಿತ್ತು. ನನ್ನ ಕಣ್ಣು ತೇವವಾದವು. ಭೂತಗನ್ನಡಿ ಒತ್ತಿ ಹಿಡಿದದ್ದರಿಂದ ಎಂದು ಹೇಳಿದೆ.

ಹೆಡ್ಮಾಸ್ತರರು ಕುತೂಹಲ ತಡೆಯಲಾರದೆ, “ಹಿಂಥಾ ಹರಳು ಒಂದಕ್ಕ ಏನ್ ಬೆಲಿ ಇದ್ದೀತ್ರಿ?” ಎಂದು ಕೇಳಿದರು. ಮೌಲಾಸಾಬರು ಗಂಟಿನಿಂದ ಒಂದು ಕಾಡಿಗೆಯ ಡಬ್ಬಿ ತೆಗೆದು ಮುಚ್ಚಳ ತಿರುವಿದರು. ಒಳಗೆ ಕೆಂಪಗೆ, ಚಿಟಿಕೆ ಕುಂಕುಮದ ಹಾಗೆ, ನೂರಾರು ಹರಳು. “ಸತ್ತ ವಾಚಿನ್ಯಾವ್ರಿ. ಮೂವತ್ತು ವರ್ಷದಿಂದ ಕೂಡ್ಯಾವು, ಯಾರೂ ಕೇಳಂಗಿಲ್ಲ. ಕಾರ್ಖಾನ್ಯಾಗ ಪುಡಿ ಕರಗಿಸಿ ಮಾಡಿದ್ದು. ಬೇಕಾದಷ್ಟು ತಗೊಳ್ರಿ.” ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಮನುಷ್ಯ ಮಾಣಿಕ್ಯ ಮಾಡುತ್ತಾನೆ! ಅದು ನನಗೆ ಇನ್ನೊಂದು ಬೆರಗು. ಯಾರೂ ಕೈ ಚಾಚಲಿಲ್ಲ.

“ನಂದು ತಪ್ಪಾತ್ರಿ” ಎಂದೆ. ಅವರು ತಿರುಪು ಹಾಕುತ್ತಲೇ, “ಬಾಯಿಂದ ಹೋಗಿದ್ದು ಬಾಯಿಂದ ತಿರುಗಿ ಬರಂಗಿಲ್ರಿ. ಎಂಟ ದಿನ ಸಂಜೀಕ ಬಂದು ನನ್ನ ಬೆಂಚಿನ ಮ್ಯಾಲ ಕುಂಡ್ರಿ. ಮಂದಿ ನೋಡ್ಲಿ, ಆತು” ಎಂದರು.

ಅವರ ಮಾತು ಎಷ್ಟು ಸರಿ ಎಂಬುದು ಅಂದೇ ತಿಳಿಯಿತು. ಮನೆಗೆ ಬಂದು ಶಾಂತಾಳಿಗೆ, ಹರಳು ಹದಿನೇಳೂ ಇವೆ, ಆದರೆ ಅವಕ್ಕೆ ಬಳೆಯ ಚೂರಿನಷ್ಟೂ ಬೆಲೆ ಇಲ್ಲ ಎಂದು ವಿವರಿಸಿದೆ. ಅವಳು ಅರ್ಥವಾದವಳಂತೆ ಕಣ್ಣು ಅರಳಿಸಿ, “ಹೌದ್ಹೌದು, ಎಲ್ಲಾರ ಮುಂದೂ ಹಂಗ ಹೇಳ್ರಿ. ಕಳ್ಳರ ಕಾಟ ತಪ್ಪತೈತಿ” ಎಂದಳು.

ಬೆಂಚಿನ ಮೇಲೆ ಕುಳಿತೆ. ಶಾಲೆ ಬಿಟ್ಟೊಡನೆ ಹೋಗಿ, ತೋಳು ಮಡಚಿ, ವಾಚು ಎಲ್ಲರಿಗೂ ಕಾಣುವಂತೆ. ಮೊದಲ ಸಂಜೆ ಯಾರೂ ಬರಲಿಲ್ಲ. ಎರಡನೆಯ ಸಂಜೆ ಇಬ್ಬರು ಬಂದರು. ಐದನೆಯ ಸಂಜೆಗೆ ಬೆಂಚು ತುಂಬಿ, ನಾನು ತುದಿಯಲ್ಲಿ ಅರ್ಧ ಕುಂಡೆಯ ಮೇಲೆ ಕೂರಬೇಕಾಯಿತು. ಹಾಳು ಮಾಡಿದ್ದನ್ನು ಕಟ್ಟಿಕೊಟ್ಟೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಬಿಡುವಿದ್ದಾಗ ಮೌಲಾಸಾಬರು ಭೂತಗನ್ನಡಿ ಕೊಡುತ್ತಿದ್ದರು. ಯಾರ ಯಾರದೋ ವಾಚಿನ ಒಳಗೆ ಇಣುಕಿ ನೋಡುತ್ತಾ, ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಎಂಟನೆಯ ಸಂಜೆ ಡೋಣಿಯಿಂದ ಒಬ್ಬ ರೈತ ಬಂದ. ಕರವಸ್ತ್ರದಲ್ಲಿ ಕಟ್ಟಿದ ವಾಚನ್ನು ಬಿಚ್ಚಿ ಮೌಲಾಸಾಬರ ಕೈಗೆ ಕೊಟ್ಟು, ನನ್ನ ಪಕ್ಕ ಒತ್ತಿ ಕುಳಿತು, ಕಿವಿಯಲ್ಲಿ ಹೇಳಿದ: “ಮಾಸ್ತರ, ಹರಳು ಕಾಯಾಕ ನಿಮ್ಮನ್ನ ಇಲ್ಲಿ ಕುಂಡ್ರಿಸ್ಯಾರಂತ ಖಬರ ಬಂತ್ರಿ ಊರಿಗೆ. ಅದಕ್ಕ ಧೈರ್ಯ ಮಾಡಿ ಬಂದೇನಿ. ನಂದೂ ಹದಿನೇಳರದ ಐತಿ, ಒಂದ ಕಣ್ಣು ಇಡ್ರಿ.”

ನಾನು ದಡಬಡಿಸಿ ಏಳಹೋದೆ. ಸಣ್ಣ ಸದ್ದು ಕೇಳಿಯೇ ಬದುಕಿದ ಕಿವಿ ಮೌಲಾಸಾಬರದು. ವಾಚಿನಿಂದ ತಲೆ ಎತ್ತದೆ, “ಏಳಬ್ಯಾಡ್ರಿ ಮಾಸ್ತರ, ಕುಂಡ್ರಿ. ನಾಕ ದಿನದಿಂದ ಎಲ್ಲಾರೂ ಅದನ್ನ ಹೇಳಿ ವಾಚ್ ಕೊಡಾಕ ಹತ್ಯಾರ” ಎಂದರು. ಗಡ್ಡದ ಒಳಗೆ ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ನಾನು ಕುಳಿತೆ. ಸುತ್ತ ಐದಾರು ತಾಲೂಕಿನ ಜನ ಆ ಮೆಟ್ಟಿಲ ಕೆಳಗೆ ನಿಶ್ಚಿಂತೆಯಿಂದ ವಾಚು ಬಿಟ್ಟು ಹೋಗುತ್ತಿದ್ದರು. ಮೂವತ್ತು ವರ್ಷ ಒಂದು ಹರಳನ್ನೂ ಮುಟ್ಟದ ಮೌಲಾಸಾಬರನ್ನು ನಂಬಿ ಅಲ್ಲ, ಅಲ್ಲಿದ್ದವರಲ್ಲಿ ಹದಿನೇಳರವರೆಗೆ ಎಣಿಸಲು ಬಾರದ ಒಬ್ಬನೇ ಮನುಷ್ಯನನ್ನು ನಂಬಿ.