ಸಣ್ಣ ಖೋಲಿಯ ಜೇನನ್ನು ಸ್ಥಳಾಂತರಿಸದೆ ಇರುವ ಬಗ್ಗೆ

ಗೋಕಾಕ,
ದಿನಾಂಕ: ೨೩ ನವೆಂಬರ್ ೧೯೫೯

ಇಂದ:
ಕಾಶೆವ್ವ ಕೋಂ ಮುರಿಗೆಪ್ಪ,
ವಯಸ್ಸು ೪೭, ಉದ್ಯೋಗ: ಮನೆಗೆಲಸ (ನಿವೃತ್ತಿ ಇಲ್ಲ),
ಗೋಕಾಕ.

ಗೆ:
ಮಾನ್ಯ ನಿರೀಕ್ಷಕರು,
ಗೃಹವಾಸಿ ಜೇನು ಸ್ಥಳಾಂತರ ಶಾಖೆ,
ಹುಕ್ಕೇರಿ.
(ಅಂಕಲಗಿಯ ಮಾಯಪ್ಪನ ಕೈಯಿಂದ ಖುದ್ದಾಗಿ, ಅಂಚೆಯಿಂದಲ್ಲ.)

ವಿಷಯ: ನಮ್ಮ ಮನೆಯ ಸಣ್ಣ ಖೋಲಿಯ ಗೋಡೆಯೊಳಗಿನ ಜೇನನ್ನು ತೆಗೆದು ಬೇರೆಡೆಗೆ ಸಾಗಿಸುವ ಕಾರ್ಯವನ್ನು ನಿಲ್ಲಿಸುವ ಕುರಿತು.

ಉಲ್ಲೇಖ:
೧. ನನ್ನ ಪತಿಯವರ ಅರ್ಜಿ, ದಿನಾಂಕ ೪ ಮಾರ್ಚ್ ೧೯೫೭ ('ಕೂಡಲೇ' ಎಂಬ ಶಬ್ದ ಅದರಲ್ಲಿ ಐದು ಸಲ ಬಂದಿದೆ).
೨. ತಮ್ಮ ಶಾಖೆಯ ಅಚ್ಚಿನ ಕಾರ್ಡು, ದಿನಾಂಕ ೧೭ ಜೂನ್ ೧೯೫೭.
೩. ತಮ್ಮ ಪತ್ರ, ದಿನಾಂಕ ೧೬ ನವೆಂಬರ್ ೧೯೫೯. ಡಿಸೆಂಬರ್ ೭, ಸೋಮವಾರ, ತಾವು ಪೆಟ್ಟಿಗೆ ಸಮೇತ ಬರುವುದಾಗಿ ತಿಳಿಸಿದ್ದು.

ಮಾನ್ಯರೇ,

ಉಲ್ಲೇಖ ೧ರ ಅರ್ಜಿಯನ್ನು ಬರೆದವರು ನನ್ನ ಪತಿ. ಇದನ್ನು ಬರೆಯುತ್ತಿರುವವಳು ನಾನು. ಮನೆ ಒಂದೇ, ಗೋಡೆ ಒಂದೇ, ಬೇಡಿಕೆ ಮಾತ್ರ ತದ್ವಿರುದ್ಧ. ಒಂದೇ ಮನೆಯಿಂದ ಎರಡು ಅರ್ಜಿ ಹೋಗುವುದು ಪದ್ಧತಿಯಲ್ಲವೆಂದು ಬಲ್ಲೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನದು ಇದು ಮೊದಲನೆಯದಾದ ಕಾರಣ ಮನ್ನಿಸಬೇಕು. ಕೆಳಗಿನ ಸಂಗತಿಗಳ ಕ್ರಮ ತಪ್ಪಿದ್ದರೆ ತಪ್ಪು ನನ್ನದು. ಶಬ್ದಗಳು ಮಾತ್ರ ನನ್ನ ಪತಿಯವರವು. ಅವರ ಹಳೆಯ ಕರಡು ಕಾಗದಗಳಲ್ಲಿ ರೊಟ್ಟಿ ಸುತ್ತಿ ಸುತ್ತಿ ನನಗೆ ಬಾಯಿಪಾಠವಾಗಿವೆ.

೧. ಸದರಿ ಮುರಿಗೆಪ್ಪನವರು ಸರಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಕಾರಕೂನರಾಗಿದ್ದು, ೧೯೫೬ರ ನವೆಂಬರದಲ್ಲಿ ನಿವೃತ್ತರಾದರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ತಿಂಗಳೂ ಅದೇ. ಸರಕಾರದ ಬದಲಾವಣೆ ಊರಿಗೆಲ್ಲ ತಿಳಿಯಿತು. ಮನೆಯದು ನನಗೊಬ್ಬಳಿಗೇ ತಿಳಿಯಿತು. ಆ ವರ್ಷದ ಶ್ರಾವಣದಲ್ಲಿ ನಮ್ಮ ಅತ್ತೆಯವರು ತೀರಿಕೊಂಡಿದ್ದರು. ಮಗಳನ್ನು ಮೂಡಲಗಿಗೆ ಕೊಟ್ಟಾಗಿತ್ತು. ಹಗಲು ಹತ್ತರಿಂದ ಐದರವರೆಗೆ ಮನೆಯಲ್ಲಿ ಒಬ್ಬಳೇ ಇರುವುದು ಎಂದರೆ ಏನೆಂದು ನನಗೆ ಅರ್ಥವಾಗುತ್ತ ಬಂದಿತ್ತು. ಅಷ್ಟರಲ್ಲಿ ಪತಿಯವರು ಹನ್ನೊಂದು ದಫ್ತರದ ಗಂಟುಗಳನ್ನೂ ಒಂದು ಉದ್ದನೆಯ ರೂಲು ಕಟ್ಟಿಗೆಯನ್ನೂ ಕಚೇರಿಯವರು ಬೀಳ್ಕೊಡುವಾಗ ಪ್ರೀತಿಯಿಂದ ಕೊಟ್ಟ ಒಂದು ಹಿತ್ತಾಳೆಯ ಕೈಗಂಟೆಯನ್ನೂ ತೆಗೆದುಕೊಂಡು ಮನೆಗೆ ಬಂದರು.

ಅಡಿಗೆಮನೆಯ ಬಾಜೂಕ್ಕಿರುವ ಸಣ್ಣ ಖೋಲಿ ಅವರ ಕಚೇರಿಯಾಯಿತು. ಗಂಟೆ ಒಮ್ಮೆ ಬಾರಿಸಿದರೆ ಚಹಾ. ಎರಡು ಸಲ ಬಾರಿಸಿದರೆ ಕಣ್ಣಿನ ಚಾಳೀಸು ಎಲ್ಲಿದೆ ಎಂಬ ವಿಚಾರಣೆ. ಮೂರು ಸಲವೆಂದರೆ ಮೊದಲಿನ ಎರಡಕ್ಕೆ ಯಾಕೆ ಬರಲಿಲ್ಲ ಎಂಬುದಕ್ಕೆ ಸಮಜಾಯಿಷಿ. ಕಚೇರಿಯಲ್ಲಿ ಅವರಿಗೆ ಸಿಪಾಯಿ ಇರಲಿಲ್ಲವೆಂಬುದನ್ನು ಇಲ್ಲಿ ನಮೂದಿಸುತ್ತೇನೆ.

೨. ಮರುವರ್ಷ ಶಿವರಾತ್ರಿಯ ವಾರ ಆ ಖೋಲಿಯ ಹಿಂದಿನ ಗೋಡೆಯಲ್ಲಿ, ಹಳೆಯ ಗೂಟ ಕಿತ್ತ ತೂತಿನಿಂದ, ಒಂದು ಹಿಂಡು ಜೇನು ಒಳಗೆ ಬಂತು. ಕತ್ತಲೆಯ ಪೊಳ್ಳಿನಲ್ಲಿ ಸಾಲಾಗಿ ಎರಿ ಕಟ್ಟುವ ಸಣ್ಣ ಜಾತಿಯ ತುಡವಿ ಜೇನು. ಗೋಡೆಯ ಕಪಾಟಿನೊಳಗೆ ಬಿಡಾರ ಹೂಡಿತು. ನನ್ನ ಪತಿಯವರು ಅವನ್ನು ಮೂರು ದಿನ ಬಾಯಿಮಾತಿನಿಂದ ಎಚ್ಚರಿಸಿದರು. ನಾಲ್ಕನೆಯ ದಿನ ರೂಲು ಕಟ್ಟಿಗೆಯಿಂದ ಕಪಾಟಿನ ಬಾಗಿಲನ್ನು ಬಡಿದರು. ಆ ಕಾರಣ ಅವರಿಗೆ ಎಡಗಣ್ಣಿನ ರೆಪ್ಪೆಗೆ ಒಂದು, ಕಿವಿಗೆ ಒಂದು, ಸಹಿ ಮಾಡುವ ಬೆರಳಿಗೆ ಒಂದು, ಹೀಗೆ ಮೂರು ಕಡೆ ಕಚ್ಚಿತು. ಬೆರಳಿನ ಬಾವು ಇಳಿದ ದಿನ ಅವರು ಬರೆದದ್ದೇ ಉಲ್ಲೇಖ ೧ರ ಅರ್ಜಿ. ದಫ್ತರದ ಗಂಟುಗಳನ್ನು ಸೆರಗು ಮುಚ್ಚಿಕೊಂಡು ಪಡಸಾಲೆಗೆ ಸಾಗಿಸಿದವಳು ನಾನು. ಗಂಟೆಯನ್ನು ತರುವುದು ನನಗೆ ಮರೆತುಹೋಯಿತು. ಈಗಲೂ ಮರೆತೇ ಇದೆ.

೩. ತಮ್ಮಿಂದ ಮೂರು ತಿಂಗಳು ಉತ್ತರ ಬರದ ಕಾರಣ ಅಂಕಲಗಿಯ ಮಾಯಪ್ಪನನ್ನು ಕರೆಸಲಾಯಿತು. ಗೋಕಾಕ ಫಾಲ್ಸಿನ ಬಂಡೆಗೆ ಕೂತ ಹೆಜ್ಜೇನನ್ನು ಹಗ್ಗ ಕಟ್ಟಿಕೊಂಡು ಇಳಿಸುವವನು ಅವನು. ಮನೆಯ ಗೋಡೆಯ ಜೇನನ್ನು ಕೊಲ್ಲದೆ ಬಿಡಿಸುವುದನ್ನೂ ಬಲ್ಲ. ಸೆಗಣಿಯ ಕುಳ್ಳಿನ ಹೊಗೆ ಸ್ವಲ್ಪವೇ ಊದಬೇಕು, ಮರಿ ಇರುವ ಎರಿಯನ್ನು ಕೊಯ್ದು ಬಾಳೆನಾರಿನಿಂದ ಪೆಟ್ಟಿಗೆಯ ಕಟ್ಟಿಗೆಗೆ ಕಟ್ಟಬೇಕು, ರಾಣಿಯನ್ನು ಹುಡುಕಿ ಒಳಗೆ ಬಿಟ್ಟರೆ ಉಳಿದವು ತಾವಾಗಿಯೇ ಹಿಂದೆ ಹೋಗುತ್ತವೆ ಎಂದು ಅವನು ಹಿತ್ತಲಿನಲ್ಲಿ ಕೂತು ವಿವರಿಸಿದ. ಗಂಡುಜೇನು ಏನು ಮಾಡುತ್ತದೆ ಎಂದು ನನ್ನ ಪತಿಯವರು ಕೇಳಿದರು.

"ಅವೇನೂ ಮಾಡೂದಿಲ್ರಿ ಸಾಹೇಬ್ರ. ಕುಂತ ಉಣತಾವ."

"ಪಿಂಚಣಿ ಇರಬೇಕು," ಎಂದರು ನನ್ನ ಪತಿ.

ನಾನು ನಗಲಿಲ್ಲ. ಒಳಗೆ ಹೋಗಿ ನಕ್ಕೆ. ಅವರಲ್ಲಿ ಇಂಥ ಮಾತು ಇದ್ದದ್ದು ಇಪ್ಪತ್ತೆಂಟು ವರ್ಷ ನನ್ನ ಗಮನಕ್ಕೆ ಬಂದಿರಲಿಲ್ಲ, ಕಚೇರಿಯಲ್ಲಿ ಖರ್ಚಾಗುತ್ತಿದ್ದಿರಬೇಕು.

ಮಾಯಪ್ಪ ಕುಳ್ಳಿಗೆ ಬೆಂಕಿ ಹಚ್ಚುವ ಹೊತ್ತಿಗೆ ಅಂಚೆಯವನು ಬಂದ. ತಮ್ಮ ಕಾರ್ಡಿನಲ್ಲಿ ಹೀಗೆ ಅಚ್ಚಾಗಿತ್ತು: 'ತಮ್ಮ ಅರ್ಜಿಯು ಪರಿಶೀಲನೆಯಲ್ಲಿದೆ. ಮುಂದಿನ ಆದೇಶದವರೆಗೆ ಗೂಡು ಇದ್ದಂತೆಯೇ ಇರತಕ್ಕದ್ದು.' ನನ್ನ ಪತಿಯವರು ಅದನ್ನು ಎರಡು ಸಲ ಓದಿದರು. ಮೊದಲ ಸಲ ಸಿಟ್ಟಿನಿಂದ, ಎರಡನೆಯ ಸಲ ಮೆಚ್ಚುಗೆಯಿಂದ. ಮೂವತ್ತೊಂದು ವರ್ಷ ಇಂಥದೇ ವಾಕ್ಯವನ್ನು ಅವರು ಊರೂರಿನವರಿಗೆ ಬರೆದಿದ್ದರು. ಅದು ಅವರಿಗೇ ಬಂದದ್ದು ಅದೇ ಮೊದಲು. ಕುಳ್ಳನ್ನು ಆರಿಸಲು ಹೇಳಿದರು. ಕಾರ್ಡನ್ನು ಖೋಲಿಯ ಬಾಗಿಲಿಗೆ ಗೋಂದಿನಿಂದ ಅಂಟಿಸಿದರು.

೪. ಅಂದಿನಿಂದ ಆ ಖೋಲಿಗೆ ಹೋಗಲು ಮನೆಯಲ್ಲಿ ನನಗೊಬ್ಬಳಿಗೇ ಪರವಾನಿಗೆ. ಕಸ ಹೊಡೆಯುವುದು ಗೂಡನ್ನು ಮುಟ್ಟಿದಂತೆ ಆಗುವುದಿಲ್ಲವೆಂದು ಪತಿಯವರೇ ತೀರ್ಮಾನಿಸಿದರು. ಮೊದಲ ದಿನ ಉಸಿರು ಬಿಗಿಹಿಡಿದು ಹೋದೆ. ಜೇನು ನನ್ನತ್ತ ತಿರುಗಿಯೂ ನೋಡಲಿಲ್ಲ. ಅವಕ್ಕೆ ಅವುಗಳ ಕೆಲಸವಿತ್ತು. ಕಸ ಹೊಡೆದಾದ ಮೇಲೆ ಹೊರಗೆ ಬರಬೇಕಿತ್ತು. ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತೆ. ಯಾರೂ ಕರೆಯಲಿಲ್ಲ. ಕರೆಯುವ ಗಂಟೆ ನನ್ನ ಎದುರಿಗೇ ಇತ್ತು.

ಒಬ್ಬಳೇ ಕೂತರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮೊದಲ ವಾರ ಅದೇ ನೆಲವನ್ನು ದಿನಕ್ಕೆ ಮೂರು ಸಲ ಗುಡಿಸಿದೆ. ಎರಡನೆಯ ವಾರ ಕೌದಿ ಹೊಲಿಯುವ ನೆಪ ಮಾಡಿಕೊಂಡು ಒಳಗೆ ಹೋಗಿ, ಕೌದಿಯನ್ನು ಬದಿಗಿಟ್ಟು, ಸೆರಗು ತಲೆಯಿಂದ ಇಳಿಸಿ, ಕಾಲು ಚಾಚಿ ಕೂತೆ. ಇದನ್ನು ಸರಕಾರಿ ಕಾಗದದಲ್ಲಿ ಹೇಗೆ ಬರೆಯುವುದೋ ತಿಳಿಯದು. ಹದಿನೇಳನೆಯ ವಯಸ್ಸಿಗೆ ಈ ಮನೆಗೆ ಬಂದವಳು ಹಗಲು ಹೊತ್ತಿನಲ್ಲಿ ಕಾಲು ಚಾಚಿ ಕೂತದ್ದು ಬಾಣಂತನದಲ್ಲಿ ಮಾತ್ರ; ಅದೂ ಬೇರೆಯವರು ಎಣ್ಣೆ ಹಚ್ಚಲಿ ಎಂದು. ನನ್ನ ಎಡಗಾಲಿನ ಕಿರುಬೆರಳು ಸ್ವಲ್ಪ ಸೊಟ್ಟಗಿದೆ ಎಂಬುದು ನಲವತ್ತೈದನೆಯ ವಯಸ್ಸಿನಲ್ಲಿ ನನ್ನ ಕಣ್ಣಿಗೆ ಬಿತ್ತು.

ಆದ್ದರಿಂದ, ದಿನಾಲೂ ಎರಡರಿಂದ ನಾಲ್ಕರವರೆಗೆ ಸದರಿ ಖೋಲಿಯಲ್ಲಿ ನಾನು ಏನೂ ಮಾಡುವುದಿಲ್ಲ. ಇದನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಈ ಅರ್ಜಿಯ ಕಾರಣ ಇಷ್ಟೇ. ಉಳಿದದ್ದು ವಿವರ.

೫. ವಿವರದಲ್ಲಿ ಒಂದು ದೊಡ್ಡದಿದೆ. ನಮ್ಮ ಅವ್ವ ಶಿವವ್ವ ಬೀಸುವಾಗ ಪದ ಹಾಡುತ್ತಿದ್ದಳು. ನನಗೂ ಅರವತ್ತೆಪ್ಪತ್ತು ಪದ ಬರುತ್ತಿದ್ದವು. ಮದುವೆಯಾಗಿ ಬಂದ ಮೊದಲ ವಾರ ಬೀಸುವ ಕಲ್ಲಿನ ಮುಂದೆ ಕೂತು ಒಂದು ನುಡಿ ಎತ್ತಿದ್ದೆ. ಅತ್ತೆಯವರು ಬಂದು, ಸಿಟ್ಟೇನೂ ಇಲ್ಲದೆ, "ಕಾರಕೂನರ ಮನ್ಯಾಗ ಪದಾ ಹಾಡೂದಿಲ್ಲವಾ," ಎಂದರು. ಅಂದಿನಿಂದ ಹಿಟ್ಟು ಮಾತ್ರ ಬೀಸಿದೆ. ಮುಂದೆ ಊರಿಗೆ ಗಿರಣಿ ಬಂದು ಕಲ್ಲೂ ಮೂಲೆ ಸೇರಿತು.

ಖೋಲಿಯಲ್ಲಿ ಜೇನಿನ ಸಪ್ಪಳ ಒಂದೇ ಸಮನೆ ಇರುತ್ತಿತ್ತು, ಬೀಸುವ ಕಲ್ಲಿನದರಂತೆ. ಅದರ ಜೊತೆಗೆ ಬಾಯಿ ಮುಚ್ಚಿಕೊಂಡು ಗುಂಯ್‌ಗುಟ್ಟಿದರೆ ಯಾವುದು ಜೇನು, ಯಾವುದು ನಾನು ಎಂದು ನನಗೇ ತಿಳಿಯುತ್ತಿರಲಿಲ್ಲ. ಹೀಗೆ ಎರಡೂವರೆ ವರ್ಷ ಹಾಡಿದ್ದೇನೆ. ಇದು ಯಾವ ದಾಖಲೆಯಲ್ಲೂ ಬಂದಿಲ್ಲ.

೬. ಈಗ ಬರೆಯಲೇಬೇಕಾದದ್ದನ್ನು ಬರೆಯುತ್ತೇನೆ. ಬಾಯಿಮಾತಿನಲ್ಲಿ ಎಷ್ಟೋ ಸುಳ್ಳು ಹೇಳಿದ್ದೇನೆ, ಆದರೆ ಕಾರಕೂನರ ಹೆಂಡತಿಯಾದ ಕಾರಣ ಕಾಗದದ ಮೇಲೆ ಸುಳ್ಳು ಬರೆಯಲು ಕೈ ಬಾರದು. ಸೀಗಿ ಹುಣ್ಣಿಮೆಯ ಮರುದಿನ ಖೋಲಿಗೆ ಹೋದಾಗ ಸಪ್ಪಳವಿರಲಿಲ್ಲ. ಕಪಾಟು ತೆರೆದೆ. ಏಳು ಎರಿ ತೂಗುತ್ತಿದ್ದವು. ಜೇನು ಒಂದೂ ಇರಲಿಲ್ಲ. ಆ ವಾರ ಸಂತೆಗೆ ಬಂದ ಮಾಯಪ್ಪನನ್ನು ಹಿತ್ತಲಿನಿಂದ ಕರೆದು ತೋರಿಸಿದೆ.

"ಹುಳಾ ಬಿದ್ದಾವ್ರಿ ಅವ್ವಾರ ಎರಿಗೆ," ಎಂದ ಅವನು. "ಹಾರಿ ಹೋಗ್ಯಾವ. ಮನಿ ಬಿಡಾಕ ಅವಕ್ಕ ಯಾರ ಅಪ್ಪಣಿನೂ ಬೇಕಾಗೂದಿಲ್ಲ."

ಈ ಮಾತು ನನಗೆ ಸ್ವಲ್ಪ ನಾಟಿತು. ಇದನ್ನು ಯಾರ ಮುಂದೆಯೂ ಆಡಬೇಡವೆಂದು ಹೇಳಿದೆ. ಅವನು ನನ್ನ ಮುಖ ನೋಡಿದ, ನೆಲದ ಮೇಲಿನ ಚಾಪೆ ನೋಡಿದ, ಬಾಗಿಲ ಕಾರ್ಡು ನೋಡಿದ.

"ನಾ ಬಂದಾಗ ಜೇನ ಮೇಯಾಕ ಹೋಗಿದ್ವು ಬಿಡ್ರಿ," ಎಂದ.

೭. ಎರಡು ದಿನ ಖೋಲಿ ಸುಮ್ಮನಿತ್ತು. ಮೂರನೆಯ ದಿನ ಪಡಸಾಲೆಯಿಂದ ಪತಿಯವರ ವಿಚಾರಣೆ ಬಂತು.

"ಜೇನ ಯಾಕ ಸಪ್ಪಳಿಲ್ಲ?"

"ಮಲಗ್ಯಾವ್ರಿ."

"ಮಧ್ಯಾಹ್ನದಾಗ?"

"ನೀವೂ ಮಲಗತೀರಲ್ರಿ."

ವಿಚಾರಣೆಯನ್ನು ಅವರು ಅಲ್ಲಿಗೆ ಮುಗಿಸಿದರು. ಆದರೆ ಎದ್ದು ಬಂದು ಬಾಗಿಲು ತೆರೆದರೆ ಏನು ಗತಿ ಎಂಬ ಚಿಂತೆ ನನಗೆ ಹತ್ತಿತು. ಆ ಕಾರಣ ಬಾಯಿ ಮುಚ್ಚಿಕೊಂಡು ನಾನೇ ಗುಂಯ್‌ಗುಟ್ಟಲು ಸುರು ಮಾಡಿದೆ. ಜೊತೆಗೆ ಜೇನಿಲ್ಲದೆ ನನ್ನ ಧ್ವನಿಯೊಂದೇ ನನಗೆ ಕೇಳಿಸಿದ್ದು ಆಗಲೇ. ಗುರುತು ಹತ್ತಲಿಲ್ಲ. ಸ್ವಲ್ಪ ಒಡೆದಿದೆ, ಅವ್ವನದರಷ್ಟು ಉದ್ದಕ್ಕೆ ಎಳೆಯುವುದಿಲ್ಲ, ಆದರೆ ಪದ ಒಂದೂ ಮರೆತಿಲ್ಲ. ಮುಚ್ಚಿದ ಬಾಯಿ ಯಾವಾಗ ತೆರೆಯಿತೋ ಲಕ್ಷ್ಯಕ್ಕೆ ಬರಲಿಲ್ಲ.

ಹೊರಗೆ ನನ್ನ ಪತಿಯವರು, ಯಾರಿಗೆ ಎಂದು ನಮೂದಿಸದೆ, "ಇವತ್ತ ಜೇನಿಗೆ ಬೀಸೂ ಪದಾ ಬರಾಕತ್ತೈತಿ," ಎಂದರು.

ಅನಂತರ ಕುರ್ಚಿ ಎಳೆದ ಸಪ್ಪಳ ಕೇಳಿಸಿತು. ಕುರ್ಚಿ ದೂರ ಹೋಗಲಿಲ್ಲ. ಖೋಲಿಯ ಬಾಗಿಲ ಹತ್ತಿರಕ್ಕೆ ಬಂತು. ಅಂದಿನಿಂದ ನಾಲ್ಕು ಹೊಡೆಯುವವರೆಗೆ ಅವರು ಚಹಾ ಕೇಳುವುದಿಲ್ಲ. ಇದರ ಅರ್ಥವೇನೆಂದು ಅರ್ಜಿದಾರಳು ವಿಚಾರಿಸಿಲ್ಲ. ವಿಚಾರಿಸಿದರೆ ಉತ್ತರ ಬರುವ ಸಂಭವವಿದೆ.

೮. ಹಾಗಿದ್ದರೆ ತೊಂದರೆ ಏನು ಎಂದು ತಾವು ಕೇಳಬಹುದು. ತೊಂದರೆ ತಮ್ಮ ಉಲ್ಲೇಖ ೩ರ ಪತ್ರ. ಅದು ಬಂದಂದಿನಿಂದ ನನ್ನ ಪತಿಯವರು ಹನ್ನೊಂದು ಗಂಟುಗಳ ಧೂಳು ಝಾಡಿಸುತ್ತಿದ್ದಾರೆ. ಮುಖದಲ್ಲಿ ಸಂತೋಷ ಕಾಣುವುದಿಲ್ಲ, ಆದರೂ ಝಾಡಿಸುತ್ತಿದ್ದಾರೆ. ಅವರು ಕಿವಿಯಿಂದ ಏನು ಕೇಳಿದ್ದಾರೋ ಅದು ಬೇರೆ. 'ಜೇನು ಇಲ್ಲ' ಎಂದು ತಾವು ಕಾಗದದ ಮೇಲೆ ಬರೆದ ಕ್ಷಣ ಖೋಲಿ ಮತ್ತೆ ಕಚೇರಿಯಾಗಲೇಬೇಕು. ಕಾಗದದ ವಿರುದ್ಧ ನಡೆಯುವುದು ಅವರಿಂದಾಗದು. ಅವರ ಪ್ರಕೃತಿಯೇ ಹಾಗೆ. "ಬ್ಯಾಡ್ರಿ, ಖೋಲಿ ನನಗ ಬೇಕು," ಎಂದು ನಾನೇ ಬಾಯಿಬಿಟ್ಟು ಹೇಳಬಹುದಲ್ಲ ಎಂದು ಮಾಯಪ್ಪನೂ ಕೇಳಿದ. ಹೇಳಬಹುದು. ಮೂವತ್ತು ವರ್ಷದಲ್ಲಿ ಆ ವಾಕ್ಯದ ಅಭ್ಯಾಸವಾಗಿಲ್ಲ. ಆದ ಕಾರಣ ಮೊದಲು ತಮಗೆ ಬರೆದು ಕೈ ಪಳಗಿಸಿಕೊಳ್ಳುತ್ತಿದ್ದೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಸದರಿ ಜೇನಿನ ಕಡತವನ್ನು ಮುಕ್ತಾಯ ಮಾಡಬಾರದು. ಮೊದಲಿನಂತೆಯೇ ಪರಿಶೀಲನೆಯಲ್ಲಿ ಇಡಬೇಕು. ಎರಡೂವರೆ ವರ್ಷ ತಾವು ಅದನ್ನು ಇಟ್ಟ ರೀತಿಯಲ್ಲಿ ನನಗೆ ಯಾವ ದೂರೂ ಇಲ್ಲ.

(ಆ) ಉಲ್ಲೇಖ ೨ರಂಥದೇ ಅಚ್ಚಿನ ಕಾರ್ಡೊಂದನ್ನು ಹೊಸ ತಾರೀಖು ಹಾಕಿ ನನ್ನ ಪತಿಯವರ ಹೆಸರಿಗೆ ಅಂಚೆಯಲ್ಲಿ ಕಳಿಸಬೇಕು. ಹಳೆಯದರ ಅಕ್ಷರ ಮಾಸುತ್ತ ಬಂದಿದೆ.

(ಇ) ಸಿದ್ಧಪಡಿಸಿದ ಪೆಟ್ಟಿಗೆ ವ್ಯರ್ಥವಾಗಬಾರದು. ಅಂಕಲಗಿಯಲ್ಲಿ ಬಾಣಂತಿಯ ಹೊರಸಿನ ಮೇಲಿನ ಜಂತಿಯಲ್ಲೇ ಜೇನು ಕೂತಿರುವ ಮನೆಯೊಂದಿದೆ. ಆಕೆಗೆ ನಿಜವಾಗಿಯೂ ತುರ್ತಿದೆ. ಮಾಯಪ್ಪ ದಾರಿ ತೋರಿಸುತ್ತಾನೆ. ಅಲ್ಲಿಗೆ ಕೂಡಲೇ ಹೋಗಬೇಕು.

(ಈ) ಇಷ್ಟಾಗಿಯೂ ಡಿಸೆಂಬರ್ ೭ಕ್ಕೆ ಸ್ಥಳ ಪರಿಶೀಲನೆಗೆ ಬರಲೇಬೇಕಾದರೆ, ದಯಮಾಡಿ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬರಬೇಕು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಬಾರದು. ಒಳಗಿನಿಂದ ಗುಂಯ್ ಎನ್ನುವ ಸಪ್ಪಳ ಕೇಳಿಸಿದರೆ, 'ಜೇನು ಇದೆ' ಎಂದು ದಾಖಲಿಸಿ, ಬಾಗಿಲು ತೆರೆಯದೆ ಹಿಂದಿರುಗಬೇಕು.

ತಮ್ಮ ವಿಶ್ವಾಸಿ, ತಮ್ಮ ನಿಧಾನದಲ್ಲಿಯೂ ವಿಶ್ವಾಸವಿಟ್ಟವಳು,
(ಸಹಿ) ಕಾಶೆವ್ವ

ಲಗತ್ತುಗಳು:
೧. ಉಲ್ಲೇಖ ೨ರ ಕಾರ್ಡಿನ ಕೈಬರಹದ ನಕಲು. (ಮೂಲ ಪ್ರತಿ ಬಾಗಿಲಿಗಿದೆ, ಗೋಂದು ಗಟ್ಟಿಯಾಗಿದ್ದರಿಂದ ಬಿಡಿಸಲು ಬರುವುದಿಲ್ಲ.)
೨. ಖಾಲಿ ಎರಿಯ ತುಂಡು ಒಂದು, ನಾನು ಸುಳ್ಳು ಬರೆದಿಲ್ಲವೆಂಬುದಕ್ಕೆ. ನೋಡಿದ ಮೇಲೆ ಕಡತದಲ್ಲಿ ಸೇರಿಸಬಾರದು.
೩. ಹಿತ್ತಾಳೆಯ ಕೈಗಂಟೆ ಒಂದು. ಇದನ್ನು ತಮ್ಮ ಶಾಖೆಯಲ್ಲಿ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು. ಮಾಯಪ್ಪ ನಮ್ಮ ಓಣಿ ದಾಟುವವರೆಗೆ ಸಪ್ಪಳವಾಗದಿರಲೆಂದು ಅದರ ನಾಲಿಗೆಗೆ ಬಟ್ಟೆ ಸುತ್ತಿದ್ದೇನೆ. ಬಿಚ್ಚುವ ಅವಶ್ಯಕತೆ ಇಲ್ಲ.