ಮಗಳ ಮುಂದೆ ವಿವಾದಿತ ನಗುವನ್ನು ನಗಲು ಅನುಮತಿ ಕೋರಿ

ಇಂದ:
ದಾವೆಯ ವಾದಿ,
ಗೊಂಬೆಗಳಿಗೆ ದನಿ ಕೊಡುವ ಕಸುಬಿನವಳು,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಗೆ:
ಮಾನ್ಯ ನ್ಯಾಯಾಧೀಶರು,
ಬೌದ್ಧಿಕ ಸ್ವತ್ತಿನ ವ್ಯಾಜ್ಯಗಳ ನ್ಯಾಯಾಲಯ.

ವಿಷಯ: ನನ್ನ ನಗುವನ್ನು ನಾನೇ, ನನ್ನ ಮನೆಯಲ್ಲೇ ನಗುವ ಬಗ್ಗೆ.

ಉಲ್ಲೇಖ: ವಿವಾದಿತ ನಗುವನ್ನು ಯಾರೂ ಬಳಸಕೂಡದೆಂಬ ತಮ್ಮ ಮಧ್ಯಂತರ ಆದೇಶ.

ಮಾನ್ಯರೇ,

ಈ ಅರ್ಜಿಯನ್ನು ತುಟಿ ಬಿಗಿಹಿಡಿದು ಬರೆದಿದ್ದೇನೆಂದು ಮೊದಲಿಗೇ ಪ್ರಮಾಣೀಕರಿಸುತ್ತೇನೆ.

೧. ಕಿಸಕ್ಕನೆ ಶುರುವಾಗಿ ಮೂಗಿನಲ್ಲಿ ಗೊರ್ ಎಂದು ಮುಗಿಯುವ ನನ್ನ ನಗುವನ್ನು ಪ್ರತಿವಾದಿ ಕಂಪನಿಯವರು ಒಂದೇ ಒಂದು ಗೊಂಬೆಗೆಂದು ಧ್ವನಿಮುದ್ರಿಸಿಕೊಂಡರು. ಆಮೇಲೆ ಅದನ್ನು ಕಂಪ್ಯೂಟರಿಗೆ ಕಲಿಸಿ ಅಲಾರಂ ಗಡಿಯಾರ, ಬಾಗಿಲ ಗಂಟೆ, ಕೊನೆಗೆ ತೂಕದ ಯಂತ್ರಕ್ಕೂ ತುಂಬಿದರು. ನಾನು ಔಷಧದಂಗಡಿಯಲ್ಲಿ ತೂಕ ನೋಡಲು ನಿಂತರೆ ಯಂತ್ರ ನನ್ನ ದನಿಯಲ್ಲೇ ನನ್ನನ್ನು ನೋಡಿ ನಕ್ಕಿತು. ಈ ಕಾರಣ ದಾವೆ ಹೂಡಿದೆ.

೨. "ನಗು ವಾದಿಯ ಸ್ವಂತದ್ದಲ್ಲ, ತಾಯಿಯ ನಕಲು" ಎಂದು ವಾದಿಸಿದ ಕಂಪನಿ ವಕೀಲರು ನನ್ನ ಅಮ್ಮನನ್ನೇ ಸಾಕ್ಷಿಕಟ್ಟೆ ಹತ್ತಿಸಿದರು.

"ಸ್ವಲ್ಪ ನಗಿ ಅಮ್ಮ."

"ಸುಮ್‌ಸುಮ್ನೆ ನಗೋಕೆ ನಂಗೇನ್ ತಲೆ ಕೆಟ್ಟಿದ್ಯಾ? ನಗೋ ಹಾಗೆ ಏನಾದ್ರೂ ಮಾಡಿ."

ವಕೀಲರು ಗಂಭೀರವಾಗಿ ಜೋಕೊಂದು ಹೇಳಿದರು. ಅಮ್ಮ "ಪಾಪ" ಅಂದಳು. ಅಷ್ಟರಲ್ಲಿ ಮೇಜಿನ ಮೇಲೆ ಸಾಕ್ಷ್ಯವಾಗಿ ಕೂತಿದ್ದ ಗೊಂಬೆ ತಾನಾಗಿಯೇ ನಕ್ಕಿತು. ವಕೀಲರು ಬೆಚ್ಚಿ, ಕುರ್ಚಿ ತಪ್ಪಿ ನೆಲದ ಮೇಲೆ ಕೂತರು. ಅಮ್ಮ ನಕ್ಕಳು. ನಾನೂ ನಕ್ಕೆ. ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲವಾದ್ದರಿಂದ ತಾವು ತೀರ್ಪಿನವರೆಗೆ ಮೂರೂ ಬಾಯಿಗೆ ಬೀಗ ಹಾಕಿದಿರಿ. ಗೊಂಬೆಯ ಬ್ಯಾಟರಿ ತೆಗೆಯಲಾಯಿತು. ನನಗೂ ಅಮ್ಮನಿಗೂ ಅಂಥ ಸೌಲಭ್ಯವಿಲ್ಲ.

೩. ನನಗೆ ಐದು ತಿಂಗಳ ಮಗಳಿದ್ದಾಳೆ. ಅವಳಿನ್ನೂ ದನಿ ತೆಗೆದು ನಕ್ಕಿರಲಿಲ್ಲ. ತೊಟ್ಟಿಲಿನಿಂದ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ನಾನು ಆದೇಶಕ್ಕೆ ತಲೆಬಾಗಿ ಗೋಡೆಗೆ ಮುಖ ಮಾಡುತ್ತಿದ್ದೆ. ಬದಲಿ ವ್ಯವಸ್ಥೆಯಾಗಿ ನನ್ನ ಗಂಡ ನಕ್ಕರು. ಮಗು ಕಿಟಾರನೆ ಕಿರುಚಿತು.

"ನನ್ ನಗು ಯಾರೂ ಕದಿಯಲ್ಲ ಬಿಡು," ಅಂದರು.

೪. ಹೀಗಿರಲಾಗಿ, ನಿನ್ನೆ ಗಂಡ ಒಗೆದ ಬಟ್ಟೆ ಕೊಡವುತ್ತಾ ಮನೆ ನಡುಗುವಂತೆ ಸೀನಿದರು. ಮಗಳು ನಕ್ಕಳು. ಅದೇ ನಗು! ಕಿಸಕ್ಕನೆ ಶುರು, ಗೊರ್ ಎಂದು ಮುಕ್ತಾಯ. ಯಾರೂ ಕಲಿಸಿಲ್ಲ.

"ಅಯ್ಯೋ ಕಳ್ಳಿ! ಕೋರ್ಟಿಗೆ ಗೊತ್ತಾದ್ರೆ ಏನೇ ಗತಿ?" ಎಂದು ಅಮ್ಮ ದಿಂಬಿಗೆ ಮುಖ ಒತ್ತಿಕೊಂಡಳು.

ಮಗಳು ನಕ್ಕು ಮುಗಿಸಿ ನನ್ನ ಕಡೆ ನೋಡಿದಳು. ನಾನು ನಗಲಿಲ್ಲ. ಅವಳ ಮುಖ ಸಪ್ಪಗಾಯಿತು. ಅಳುವಿಗೆ ತಡೆಯಾಜ್ಞೆ ಇಲ್ಲವಾದ ಕಾರಣ ನಾನು ಅತ್ತೆ.

ಆದ್ದರಿಂದ, ನಗು ಯಾರದೆಂದು ತೀರ್ಮಾನವಾಗಲು ಎಷ್ಟು ವರ್ಷ ಬೇಕಾದರೂ ಹಿಡಿಯಲಿ; ಮಗಳು ನಕ್ಕಾಗ ತಿರುಗಿ ನಗುವಷ್ಟರ ಮಟ್ಟಿಗೆ ಆದೇಶ ಸಡಿಲಿಸಬೇಕು. ಅವಳು ಮಾಡಿರುವ ನಕಲಿಗೆ ಅಮ್ಮನದಾಗಲಿ ನನ್ನದಾಗಲಿ ತಕರಾರಿಲ್ಲ.

ನಿನ್ನೆಯಿಂದ ನಗು ನುಂಗಿಕೊಂಡಿರುವ,
ತಮ್ಮ ವಿಶ್ವಾಸಿ,
ವಾದಿ

ಲಗತ್ತುಗಳು:
ಅ) ತೂಕದ ಚೀಟಿ (ತೂಕ ಕಾಣದಂತೆ ಮಸಿ ಬಳಿದಿದೆ).
ಆ) ಮಗು, ಮೂಲಪ್ರತಿ. ಹಾಲಿನ ಹೊತ್ತಿಗೆ ಹಿಂದಿರುಗಿಸುವುದು.

ವಿ.ಸೂ.: ಲಗತ್ತು 'ಆ'ವನ್ನು ತಾವೇ ಖುದ್ದಾಗಿ ಎತ್ತಿಕೊಂಡು ಪರಿಶೀಲಿಸಬೇಕು. ಸೀನಲು ನನ್ನ ಗಂಡ ಹೊರಗೆ ಸಿದ್ಧರಿದ್ದಾರೆ. ತಾವು ನಗದೇ ಉಳಿದಲ್ಲಿ ಈ ಅರ್ಜಿಯನ್ನು ವಜಾ ಮಾಡಬೇಕೆಂದು ಕೋರುತ್ತೇನೆ.